ಕೊರಕಲಿನಲ್ಲಿ ಕೊಟ್ಟ ಪ್ರಾಕ್ಸಿ

ಲಿಖಿತ್‌ಗೆ ಕಾಲೇಜಿನಲ್ಲಿ ಹೆಸರು ಬಂದದ್ದು ಓದಿನಿಂದಲ್ಲ, ಗಂಟಲಿನಿಂದ. ಪದ್ಮನಾಭನಗರದ ಆ ಕಾಲೇಜಿನ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಯಾರು ಚಕ್ಕರ್ ಹೊಡೆದರೂ ಅವರ ಹಾಜರಿಗೆ ಧಕ್ಕೆ ಬರುತ್ತಿರಲಿಲ್ಲ. ಲಿಖಿತ್ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಮೂಗಿನಲ್ಲಿ ಮಾತಾಡುವವನ ಹೆಸರು ಬಂದರೆ ಮೂಗಿನಲ್ಲಿ, ಗೊಗ್ಗರು ದನಿಯವನ ಹೆಸರು ಬಂದರೆ ಗೊಗ್ಗರಾಗಿ "ಪ್ರೆಸೆಂಟ್ ಸಾರ್" ಎಂದುಬಿಡುತ್ತಿದ್ದ. ಒಂದು ಪ್ರಾಕ್ಸಿಗೆ ಕ್ಯಾಂಟೀನಿನ ಒಂದು ಎಗ್ ಪಫ್ ಸಂಭಾವನೆ. ಹೆಸರು ಕರೆಯುವ ಲೆಕ್ಚರರ್‌ಗಳು ತಲೆ ಎತ್ತಿ ನೋಡುವುದಿಲ್ಲ ಎನ್ನುವುದೇ ಅವನ ಉದ್ಯಮದ ಬಂಡವಾಳ.

ಅವನ ಭಂಡಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ರಘುವಿನ ದನಿಗೆ. ರಘು ಅವನ ಗೆಳೆಯ. ಇಬ್ಬರೂ ಕತ್ರಿಗುಪ್ಪೆಯ ಒಂದೇ ಕ್ರಾಸಿನವರು, ಎಲ್‌ಕೆಜಿಯಿಂದ ಒಂದೇ ಆಟೋದಲ್ಲಿ ಸ್ಕೂಲಿಗೆ ಹೋದವರು. ರಘು ದಪ್ಪ ಹುಡುಗ. ಮೇಲಿನ ಮಹಡಿಯ ಲ್ಯಾಬಿಗೆ ಮೆಟ್ಟಿಲು ಹತ್ತಿ ಬಂದನೆಂದರೆ ಮಾತಿಗಿಂತ ಮೊದಲು ಉಸಿರು ಬರುತ್ತಿತ್ತು. ಲಿಖಿತ್ ಹಿಡಿದದ್ದು ಅದನ್ನೇ. ಮೊದಲು ಏದುಸಿರು, ಆಮೇಲೆ ತುಂಡು ತುಂಡಾಗಿ "ಪ್ರೆ... ಸೆಂಟ್... ಸಾರ್", ಕೊನೆಗೆ ಟೈರಿನಿಂದ ಗಾಳಿ ಬಿಟ್ಟಂತೆ ಉದ್ದಕ್ಕೆ ಒಂದು "ಪುಸ್ಸ್". ಹುಡುಗಿಯರು ಡೆಸ್ಕಿನ ಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ರಘು ಇದ್ದಾಗ ಮಾತ್ರ ಅವನು ಅದನ್ನು ಮಾಡುತ್ತಿರಲಿಲ್ಲ. ಯಾಕೆ ಮಾಡುವುದಿಲ್ಲ ಎಂದು ತನ್ನನ್ನು ತಾನು ಕೇಳಿಕೊಂಡವನೂ ಅಲ್ಲ.

ಬಾಟನಿಯ ಭಾರ್ಗವ ಸರ್ ನೇಚರ್ ಕ್ಲಬ್ಬಿನಿಂದ ಸೀಗೆಬಂಡೆ ಕಾಡಿಗೆ ಟ್ರೆಕ್ ಎಂದು ಘೋಷಿಸಿದಾಗ ರಘು ಮೊದಲೇ ಕೈ ಎತ್ತಿಬಿಟ್ಟಿದ್ದ, ಬರುವುದಿಲ್ಲ ಎನ್ನುವುದಕ್ಕೆ.

"ನಂಗ್ಯಾಕೋ ಅದೆಲ್ಲಾ? ನೀವ್ ಹೋಗ್ಬನ್ನಿ. ಫೋಟೋ ಹಾಕಿ, ಮನೇಲಿ ಕೂತ್ಕೊಂಡು ಲೈಕ್ ಕೊಡ್ತೀನಿ."

"ಲೋ, ನೀನ್ ಬರ್ಲಿಲ್ಲ ಅಂದ್ರೆ ನಾನೂ ಹೋಗಲ್ಲ ಕಣೋ. ಬಾ ಮಗಾ, ನಾನಿರ್ತೀನಲ್ಲ ಜೊತೇಲಿ" ಎಂದ ಲಿಖಿತ್.

ಅದು ಪೂರ್ತಿ ಸುಳ್ಳಲ್ಲ. ಆದರೆ ರಘು ಬಂದರೆ ಅವನಮ್ಮ ಸೌಮ್ಯಾ ಆಂಟಿಯ ಚಿತ್ರಾನ್ನವೂ ಬರುತ್ತದೆ ಎನ್ನುವುದು ಇನ್ನೊಂದು ನಿಜ.

ಭಾನುವಾರ ಬೆಳಕು ಹರಿಯುವಾಗ ಮಿನಿ ಬಸ್ಸು ಕನಕಪುರ ರಸ್ತೆ ಹಿಡಿಯಿತು. ಬಸ್ಸಿನಲ್ಲಿ ತಲೆ ತಿರುಗುತ್ತದೆಂದು ರಘು ಮುಂದೆ, ಡ್ರೈವರ್ ಪಕ್ಕ ಕೂತ. ಲಿಖಿತ್‌ಗೆ ಅನಾಯಾಸವಾಗಿ ಪ್ರಕೃತಿಯ ಪಕ್ಕದ ಸೀಟು ಸಿಕ್ಕಿತು. ಅವಳು ಜಯನಗರದವಳು. ಎಲ್ಲದರಲ್ಲೂ ಫಸ್ಟ್ ಬರುವವಳು. ಅಂಥವಳು ತನ್ನ ಮಾತಿಗೆ ನಕ್ಕರೆ ಲಿಖಿತ್‌ಗೆ ತಾನೂ ಯಾವುದರಲ್ಲೋ ಫಸ್ಟ್ ಬಂದಂತೆ ಅನಿಸುತ್ತಿತ್ತು. ದಾರಿಯುದ್ದಕ್ಕೂ ಅವನು ಪ್ರಿನ್ಸಿಪಾಲರಾದ, ಕ್ಯಾಂಟೀನಿನವನಾದ, ಭಾರ್ಗವ ಸರ್ ಕೂಡ ಆದ.

"ಏಯ್, ರಘುದು ಮಾಡು" ಎಂದು ಪ್ರಕೃತಿ ಪಿಸುಗುಟ್ಟಿದಳು.

"ಅವ್ನು ಮುಂದೆನೇ ಇದಾನೆ. ಆಮೇಲೆ."

"ಪ್ರಾಮಿಸ್?"

"ಪಕ್ಕಾ."

ಕಾಡಿನ ಗೇಟಿನಲ್ಲಿ ಇಳಿದಾಗ ಲಿಖಿತ್ ತನ್ನ ನೀರಿನ ಬಾಟಲಿ, ಜರ್ಕಿನ್, ರಘುವೇ ತಂದುಕೊಟ್ಟಿದ್ದ ಚಿತ್ರಾನ್ನದ ಡಬ್ಬಿ, ಎಲ್ಲವನ್ನೂ ರಘುವಿನ ಬ್ಯಾಗಿಗೆ ತುರುಕಿದ. "ನಿಂದು ದೊಡ್ಡ ಬ್ಯಾಗಲ್ವಾ ಗುರು. ನಾನು ವಿಡಿಯೋ ಮಾಡ್ಬೇಕು, ಕೈ ಫ್ರೀ ಇರ್ಬೇಕು" ಎಂದ. ರಘು ಬ್ಯಾಗಿನ ಪಟ್ಟಿ ಬಿಗಿ ಮಾಡಿಕೊಂಡ.

ಅರಣ್ಯ ಇಲಾಖೆಯಿಂದ ಜೊತೆಗೆ ಬಂದವನು ಮಹೇಶ್ ಎಂಬ ಗೈಡು. ಅವನು ಕಡ್ಡಿಯಿಂದ ಮಣ್ಣಿನ ಮೇಲೆ ಒಂದು ಸುತ್ತು ಗೀಚಿ ದಾರಿ ತೋರಿಸಿದ. ಎರಡು ಬಂಡೆಗಳ ನಡುವಿನ ಕೊರಕಲಿನಲ್ಲಿ ಹತ್ತುವುದು, ಬೆಟ್ಟದ ಬೆನ್ನಿನ ಮೇಲೆ ಉದ್ದಕ್ಕೂ ನಡೆಯುವುದು, ಆಚೆ ಮಗ್ಗುಲಿನಿಂದ ಇಳಿದು ಮತ್ತೆ ಇದೇ ಗೇಟಿಗೆ ಬರುವುದು.

"ನೋಡ್ರಪ್ಪಾ, ಒಂದೇ ಕಂಡೀಷನ್ನು" ಎಂದ. "ಒಬ್ರು ಹಿಂದೆ ಬಿದ್ರೂ ಎಲ್ರೂ ವಾಪಸ್. ಬೆನ್ನಿನ ಮೇಲಕ್ಕೆ ಬಿಡಂಗಿಲ್ಲ. ಕರಡಿ ಓಡಾಡೋ ಜಾಗ ಇದು. ಒಂಟಿಯಾಗ್ ಯಾರನ್ನೂ ಬಿಡಂಗಿಲ್ಲ."

"ಎಲ್ಲರಿಗೂ ಕೇಳಿಸ್ತಾ? ಕೊರಕಲಿನ ಮೇಲ್ತುದೀಲಿ ನಿಂತು ಹೆಸರು ಕರೀತೀನಿ. ಎಲ್ಲರೂ ಇದ್ರೆ ಮಾತ್ರ ಮುಂದಕ್ಕೆ" ಎಂದರು ಭಾರ್ಗವ ಸರ್.

ಕೊರಕಲು ಶುರುವಿನಲ್ಲಿ ಸಾಧುವಾಗಿತ್ತು. ಒಣಗಿದ ತೊರೆಯ ಮರಳು, ಎರಡೂ ಕಡೆ ಲಂಟಾನ, ಅಲ್ಲಲ್ಲಿ ಬಂಡೆಯ ಸಂದಿಗೆ ಬೇರಿಳಿಸಿದ ಬಸರಿ ಮರ. ಒಂದು ತಿರುವು ದಾಟಿದ್ದೇ ಗೋಡೆಗಳು ಹತ್ತಿರ ಬಂದವು, ನೆಲ ಎದ್ದು ನಿಂತಿತು. ನಡೆಯುವುದು ಹೋಗಿ ತೆವಳುವುದಾಯಿತು. ಒಂದು ಬಂಡೆಯನ್ನು ತಬ್ಬಿ ಹತ್ತಿದರೆ ಅದರ ತಲೆಯ ಮೇಲೆ ಇನ್ನೊಂದು ಕೂತಿರುತ್ತಿತ್ತು. ಎಲ್ಲರ ಮಾತು ನಿಂತು ಬರೀ ಶೂಗಳ ಸದ್ದು ಉಳಿಯಿತು.

ಲಿಖಿತ್ ಸ್ವಲ್ಪ ದೂರ ರಘುವಿನ ಜೊತೆಗೇ ಇದ್ದ. ಕೈ ಕೊಟ್ಟು ಎಳೆದ, ಹಿಂದಿನಿಂದ ಬ್ಯಾಗು ನೂಕಿದ. ಆದರೆ ಮುಂದಿನಿಂದ ಪ್ರಕೃತಿಯ ನಗು ಕೇಳಿದಾಗಲೆಲ್ಲ ಅವನ ಕಾಲು ತಾನಾಗಿಯೇ ಬೇಗ ಬೇಗ ಬೀಳುತ್ತಿತ್ತು. ಕೊನೆಗೆ ರಘು ಒಂದು ಬಂಡೆಗೆ ಒರಗಿ, "ನೀನ್ ಹೋಗ್ತಿರು ಮಗಾ. ಲೇಸ್ ಕಟ್ಕೊಂಡ್ ಬಂದೆ" ಎಂದ. ಲೇಸು ಬಿಚ್ಚಿರಲಿಲ್ಲ. ಅದು ಲಿಖಿತ್‌ಗೂ ಕಂಡಿತು. ಕಂಡರೂ ಹೋದ.

ಮೇಲ್ತುದಿಯ ಹತ್ತಿರ ದಾರಿ ಒಬ್ಬೊಬ್ಬರೇ ನುಸುಳುವಷ್ಟು ಇಕ್ಕಟ್ಟಾಗಿ ಸಾಲು ನಿಂತುಬಿಟ್ಟಿತು. ಸರ್ ಮಹೇಶ್ ಜೊತೆ ಮುಂದೆಲ್ಲೋ ದೊಡ್ಡ ಬಂಡೆಯ ಆಚೆ ಇದ್ದರು. ಅವರಿಗೆ ಸಾಲಿನ ಬಾಲ ಕಾಣದು, ದನಿ ಮಾತ್ರ ಕೇಳುತ್ತದೆ. ಒಂದೊಂದೇ ಹೆಸರು ಬಂಡೆಗೆ ತಾಗಿ ತಾಗಿ ಕೆಳಗೆ ಬಂತು. ಒಬ್ಬೊಬ್ಬರೇ ಉತ್ತರ ಕೊಟ್ಟರು. ಲಿಖಿತ್ ಎಲ್ಲರಿಗಿಂತ ಹಿಂದೆ ನಿಂತಿದ್ದ. ತಿರುಗಿ ನೋಡಿದ. ಕೆಳಗೆ ಕಲ್ಲು, ನೆರಳು, ಬೇರು. ರಘು ಇಲ್ಲ.

"ರಘು!" ಎಂದು ಮೇಲಿನಿಂದ ಸರ್ ಕರೆದರು.

ಇಲ್ಲ ಸಾರ್, ಇನ್ನೂ ಬಂದಿಲ್ಲ ಎಂದರೆ ಮುಗಿಯಿತು. ಎಲ್ಲರೂ ವಾಪಸ್. ಇಷ್ಟು ಹತ್ತಿದ್ದು ದಂಡ. ಎಲ್ಲರೂ ರಘುವನ್ನು ಬೈಯುತ್ತಾರೆ, ಪಾಪ ಅವನಿಗೇ ಅವಮಾನ. ಹೇಗೂ ಹಿಂದೆಯೇ ಬರುತ್ತಿದ್ದಾನಲ್ಲ. ಇಷ್ಟನ್ನೂ ಲಿಖಿತ್ ಆ ಒಂದು ಗಳಿಗೆಯಲ್ಲಿ ಯೋಚಿಸಿದನೋ, ಆಮೇಲೆ ತನಗೆ ತಾನೇ ಹೇಳಿಕೊಂಡನೋ, ಅವನಿಗೇ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಪ್ರಕೃತಿ ಹಿಂದಕ್ಕೆ ತಿರುಗಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಕಣ್ಣು ಮಿನುಗುತ್ತಿತ್ತು. ದನಿಯಿಲ್ಲದೆ ಬಾಯಿ ಅಲುಗಿಸಿ "ಮಾಡು" ಎಂದಳು.

ಲಿಖಿತ್ ಅಂಗೈ ಅಡ್ಡ ಹಿಡಿದ. ಏದುಸಿರು ಬಿಟ್ಟ. "ಪ್ರೆ... ಸೆಂಟ್... ಸಾರ್." ಉದ್ದಕ್ಕೆ "ಪುಸ್ಸ್".

ಅಷ್ಟು ಚೆನ್ನಾಗಿ ಅದು ಹಿಂದೆಂದೂ ಬಂದಿರಲಿಲ್ಲ. ಸಾಲಿಗೆ ಸಾಲೇ ಬಾಯಿ ಮುಚ್ಚಿಕೊಂಡು ಕುಲುಕಿತು.

"ಗುಡ್, ರಘು! ಸುಧಾರಿಸ್ಕೊಂಡು ನೀರು ಕುಡಿ" ಎಂದು ಸರ್ ಆಚೆಯಿಂದ ಕೂಗಿದ್ದೇ ಮುಚ್ಚಿದ್ದ ಬಾಯಿಗಳೆಲ್ಲ ತೆರೆದುಕೊಂಡವು. ನಗು ಎರಡು ಗೋಡೆಗಳ ನಡುವೆ ಉರುಳಿ ಉರುಳಿ ಕೆಳಗಿಳಿಯಿತು.

ಬೆಟ್ಟದ ಬೆನ್ನು ಬಸವನ ಡುಬ್ಬದ ಹಾಗೆ ಬೋಳಾಗಿ, ನುಣ್ಣಗೆ, ಉದ್ದಕ್ಕೆ ಮಲಗಿತ್ತು. ಒಂದು ಕಡೆ ಹುಲ್ಲಿನ ಇಳಿಜಾರು, ಇನ್ನೊಂದು ಕಡೆ ನೇರ ಕೆಳಕ್ಕೆ ಬಿದ್ದ ಬಂಡೆ. ಗಾಳಿಗೆ ಟೋಪಿ ನಿಲ್ಲುತ್ತಿರಲಿಲ್ಲ. ಲಿಖಿತ್ ಪ್ರಕೃತಿಯ ವಿಡಿಯೋ ತೆಗೆದ, ಪ್ರಕೃತಿ ಅವನದು ತೆಗೆದಳು. ರಘು ಬಂದನೋ ಇಲ್ಲವೋ ಎಂದು ನೋಡಬೇಕು ಎಂದು ಎರಡು ಸಲ ನೆನಪಾಯಿತು. ಎರಡು ಸಲವೂ ಇನ್ನೊಂದು ನಗು ಅಡ್ಡ ಬಂತು.

ಊಟಕ್ಕೆ ಕೂತಾಗ ಅಭ್ಯಾಸದಂತೆ ಅವನು ಹಿಂದಕ್ಕೆ ನೋಡದೆಯೇ ಕೈ ಚಾಚಿದ. "ಲೋ, ಡಬ್ಬಿ ಕೊಡೋ."

ಕೈಗೆ ಏನೂ ಬರಲಿಲ್ಲ.

"ರಘು ಎಲ್ಲಿ?" ಎಂದರು ಭಾರ್ಗವ ಸರ್.

ಊಟದ ಡಬ್ಬಿಗಳ ಸದ್ದು ನಿಂತಿತು. ನಕ್ಕವರೆಲ್ಲ ಲಿಖಿತ್‌ನನ್ನು ನೋಡಿದರು, ತಕ್ಷಣ ತಮ್ಮ ತಮ್ಮ ಶೂ ನೋಡಿಕೊಂಡರು. ಪ್ರಕೃತಿಯೂ.

"ಕೊರಕಲು ದಾಟೋವಾಗ ಇದ್ನಲ್ಲ? ನಾನೇ ಕೇಳಿಸ್ಕೊಂಡ್ನಲ್ಲ?" ಸರ್ ಮುಖದ ಬಣ್ಣ ಇಳಿಯತೊಡಗಿತು. "ಅಂದ್ರೆ ಮೇಲೆ ಬಂದ್ಮೇಲೆ... ಇಲ್ಲೇ ಎಲ್ಲೋ..." ಅವರ ಕಣ್ಣು ನೇರ ಕೆಳಕ್ಕೆ ಬಿದ್ದ ಬಂಡೆಯ ಕಡೆ ಹೋಯಿತು.

ಮಹೇಶ್ ಅಷ್ಟರಲ್ಲಿ ಅಂಚಿಗೆ ಓಡಿ, ಹೊಟ್ಟೆಯ ಮೇಲೆ ಮಲಗಿ, ಕೆಳಗೆ ಬಗ್ಗಿ ಕೂಗಿದ. ಏನೂ ಕಾಣದೆ ಚಪ್ಪಲಿ ಬಿಚ್ಚಿಟ್ಟು, ಬಂಡೆಯ ಸೀಳಿನಲ್ಲಿ ಕಾಲು ಊರಿ ಇಳಿಯತೊಡಗಿದ. ಸ್ವಲ್ಪ ಹೊತ್ತಿಗೆ ಅವನ ತಲೆಯೂ ಕಾಣದಾಯಿತು.

ಈಗ ಹೇಳಬೇಕು. ಸಾರ್, ಅವನು ಇಲ್ಲಿಗೆ ಬಂದೇ ಇಲ್ಲ, ಅಲ್ಲಿ ಹುಡುಕಬೇಡಿ ಎನ್ನಬೇಕು. ಇಷ್ಟು ಹೇಳುವುದಕ್ಕೆ ಯಾರ ದನಿಯೂ ಬೇಕಿರಲಿಲ್ಲ. ಊರವರ ದನಿಯನ್ನೆಲ್ಲ ಇಟ್ಟುಕೊಂಡಿದ್ದ ಗಂಟಲಿನಲ್ಲಿ ತನ್ನ ದನಿಯೊಂದೇ ಸಿಗಲಿಲ್ಲ.

"ಸಾರ್... ಕೆಳಗೆ, ಕೊರಕಲಲ್ಲಿ ಒಂದ್ಸಲ ನೋಡೋಣ್ವಾ?" ಎಂದ ಕೊನೆಗೆ.

"ಅಲ್ಲಿ ಯಾಕೋ? ಅಲ್ಲಿ ಪ್ರೆಸೆಂಟ್ ಅಂದ ಅಲ್ವೇನೋ ಅವನು?"

ಲಿಖಿತ್ ಬಂದ ದಾರಿಯಲ್ಲಿ ಓಡಿದ. "ಏಯ್, ಒಬ್ಬನೇ ಹೋಗ್ಬೇಡ! ನಿಲ್ಲೋ!" ಎಂದು ಸರ್ ಕೂಗುವುದು ಕೇಳಿಸುತ್ತಲೇ ಇತ್ತು.

ಹತ್ತುವಾಗ ಕೈಗೆ ಸಿಕ್ಕಿದ ಕಲ್ಲುಗಳು ಇಳಿಯುವಾಗ ಕಾಲಿಗೆ ಸಿಗಲಿಲ್ಲ. ಜಾರಿದ, ಮೊಣಕಾಲು ತರಚಿತು, ಲಂಟಾನದ ಮುಳ್ಳು ಅಂಗಿ ಹಿಡಿದೆಳೆಯಿತು. ಕರಡಿ ಎನ್ನುವ ಪದ ತಲೆಯಲ್ಲಿ ಬಂದು ಕೂತದ್ದು ಎದ್ದು ಹೋಗಲಿಲ್ಲ. ಸೌಮ್ಯಾ ಆಂಟಿ ಗೇಟಿನ ಹತ್ತಿರ ನಿಂತು "ಅವ್ನೆಲ್ಲಪ್ಪಾ?" ಎಂದು ಕೇಳುವುದು ಕಣ್ಣಿಗೆ ಕಟ್ಟಿತು. "ರಘೂ!" ಎಂದ. ಕೊರಕಲು ಅದನ್ನು ಹಾಗೆಯೇ ಹಿಂದಕ್ಕೆ ಕೊಟ್ಟಿತು. "ರಘೂ! ಲೋ!"

ಹೆಸರು ಕರೆದ ಜಾಗದಿಂದ ಒಂದು ಕಲ್ಲೆಸೆತದಷ್ಟು ಕೆಳಗೆ, ಬಸರಿಯ ಬೇರಿನ ಮೇಲೆ ರಘು ಕೂತಿದ್ದ. ಕಾಲು ಚಾಚಿಕೊಂಡು, ಬ್ಯಾಗು ಪಕ್ಕಕ್ಕಿಟ್ಟುಕೊಂಡು, ನೆಂಟರ ಮನೆಯ ಜಗಲಿಯಲ್ಲಿ ಕೂತವನ ಹಾಗೆ. ಅವನ ಮುಂದೆ ಎರಡು ಖಾಲಿ ಡಬ್ಬಿ.

ಲಿಖಿತ್‌ಗೆ ಮೊದಲು ಬಂದದ್ದು ಸಿಟ್ಟು. "ಲೋ! ಕರ್ದ್ರೆ ಕೇಳ್ಸಲ್ವೇನೋ? ಪ್ರಾಣ ಹೋಯ್ತು ಗೊತ್ತಾ ನಂಗೆ?"

"ಕೇಳ್ಸುತ್ತೆ" ಎಂದ ರಘು. "ಇಲ್ಲಿ ಕೂತ್ರೆ ಎಲ್ಲಾ ಕೇಳ್ಸುತ್ತೆ."

ಲಿಖಿತ್‌ನ ಸಿಟ್ಟು ನಿಂತಲ್ಲೇ ಕುಸಿಯಿತು. ಹೇಗೋ ಕೇಳಿದ. "ಮತ್ತೆ ಯಾಕೋ ಬರ್ಲಿಲ್ಲ?"

"ನನ್ ಅಟೆಂಡೆನ್ಸ್ ಆಗೋಯ್ತಲ್ಲ. ಇನ್ಯಾಕ್ ಬರ್ಲಿ?" ರಘು ಖಾಲಿ ಡಬ್ಬಿಯನ್ನು ಕಾಲಿನಿಂದ ಸರಿಸಿದ. "ನಿನ್ ಚಿತ್ರಾನ್ನನೂ ನಾನೇ ತಿಂದೆ. ಪ್ರಾಕ್ಸಿ ಕೊಟ್ಟೆ ನಿಂಗೆ."

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಹೊರಳಾಡಿ ನಗುತ್ತಿದ್ದರು. ರಘುವಿನ ಮುಖದಲ್ಲಿ ನಗು ಇರಲಿಲ್ಲ. ಕಣ್ಣಿನ ಕೆಳಗೆ ಧೂಳಿನಲ್ಲಿ ಒಣಗಿದ ಗೆರೆ ಇತ್ತು.

"ಇನ್ನೊಂದ್ಸಲ ಮಾಡು" ಎಂದ.

"ಏನು?"

"ಅದೇ, ನಂದು. ದೂರದಿಂದ ಕೇಳ್ದೆ, ಎದುರಿಗೆ ನೋಡಿಲ್ಲ. ಮಾಡೋ. ಅಷ್ಟ್ ಜನ ನಕ್ರು. ನಾನೂ ನಗ್ತೀನಿ."

"ಬೇಡ ಮಗಾ. ಸಾರಿ ಕಣೋ. ಸುಮ್ನೆ ತಮಾಷೆಗೆ..." ಎಂದು ಹೇಳಹೋದ ಲಿಖಿತ್‌ಗೆ ಮಾತು ಪೂರ್ತಿ ಮಾಡಲಾಗಲಿಲ್ಲ. ಅಷ್ಟು ದೂರ ಓಡಿ ಇಳಿದು ಬಂದಿದ್ದ. ಬಾಯಿ ತೆರೆದಂತೆಲ್ಲ ಏದುಸಿರೇ ಮುಂದೆ ಬರುತ್ತಿತ್ತು, ಮಾತು ಅದರ ಹಿಂದೆ ತುಂಡು ತುಂಡಾಗಿ.

ರಘು ಅವನನ್ನೇ ನೋಡುತ್ತ ಕೂತ. "ಹಾಂ. ಹಂಗೇ" ಎಂದ. "ಕರೆಕ್ಟಾಗಿದೆ."

ಮೇಲಿನಿಂದ ಕಲ್ಲುಗಳು ಉರುಳುವ ಸದ್ದಾಯಿತು. ಭಾರ್ಗವ ಸರ್ ಮೊದಲು ಬಂದರು, ಹಿಂದೆಯೇ ಉಳಿದವರು, ಎಲ್ಲರ ಕೊನೆಗೆ ಮಹೇಶ್. ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಿತ್ತುಹೋಗಿತ್ತು. ಸರ್ ರಘುವಿನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು, ಬೈಯುವುದೋ ತಬ್ಬಿಕೊಳ್ಳುವುದೋ ತಿಳಿಯದವರ ಹಾಗೆ.

"ಎಲ್ಲಿ ಹೋಗಿದ್ಯೋ? ಏನಾಯ್ತೋ?"

"ಕಾಲ್ ಉಳುಕ್ತು ಸಾರ್" ಎಂದ ರಘು, ತಟ್ಟನೆ. "ಪ್ರೆಸೆಂಟ್ ಅಂದ್ನಲ್ಲ, ಆಮೇಲೆ ಉಳುಕ್ತು. ನೀವೆಲ್ಲ ಮುಂದೆ ಹೋಗ್ಬಿಟ್ಟಿದ್ರಿ. ಕೂಗಿದ್ರೆ ಗಾಳೀಲಿ ಕೇಳಿಸ್ಲಿಲ್ಲ ಅನ್ಸುತ್ತೆ." ಎದ್ದು ನಿಂತು ಎರಡು ಹೆಜ್ಜೆ ಕುಂಟಿಯೂ ತೋರಿಸಿದ.

ಸರ್ ನಿಟ್ಟುಸಿರು ಬಿಟ್ಟರು. ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರ ಮುಖವೂ ಸಡಿಲಾಗತೊಡಗಿತ್ತು. ಲಿಖಿತ್‌ನ ಮುಖ ಮಾತ್ರ ಉರಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೂ ಇವನು ನನ್ನನ್ನು ಕಾಪಾಡುತ್ತಿದ್ದಾನಲ್ಲ ಎನಿಸಿತು. ಅದನ್ನು ಹೊತ್ತುಕೊಂಡು ಒಂದು ಹೆಜ್ಜೆಯೂ ಇಡಲಾರೆ ಎನಿಸಿತು. ಕಳೆದುಹೋಗಿದ್ದ ದನಿ ಈಗ ಒಮ್ಮೆಲೇ ಸಿಕ್ಕಿ ಹೊರಗೆ ಬಿತ್ತು.

"ಇಲ್ಲ ಸಾರ್, ಅವ್ನು ಸುಳ್ಳ್ ಹೇಳ್ತಿದಾನೆ. ಪ್ರೆಸೆಂಟ್ ಅಂದಿದ್ದು ನಾನು. ಅವ್ನ್ ಥರ ಉಸಿರು ಬಿಟ್ಕೊಂಡು ಪ್ರಾಕ್ಸಿ ಕೊಟ್ಟೆ. ಎಲ್ರೂ ನಕ್ವಿ. ಅವ್ನಿಗೆ ಎಲ್ಲಾ ಕೇಳಿಸಿದೆ ಸಾರ್. ಅದಕ್ಕೇ ಬೇಜಾರಾಗಿ ಇಲ್ಲೇ ಕೂತ್ಬಿಟ್ಟ. ಒಬ್ನೇ ಕೂತ್ಕೊಂಡು ಅತ್ತಿದಾನೆ ಸಾರ್. ಕಾಲೂ ಉಳುಕಿಲ್ಲ, ಏನೂ ಉಳುಕಿಲ್ಲ..."

ಹೇಳಿ ಮುಗಿಸಿದಾಗ ಅವನ ಎದೆ ಹಗುರಾಯಿತು. ಮೊದಲ ಸಲ ಉಸಿರು ನೆಟ್ಟಗೆ ಬಂತು. ಬೈಯಲಿ, ಹೊಡೆಯಲಿ, ಸಸ್ಪೆಂಡ್ ಮಾಡಲಿ.

ಭಾರ್ಗವ ಸರ್ ಬೈದರು ಕೂಡ. "ಆ ಮಹೇಶಣ್ಣನ ಕೈ ನೋಡೋ. ಇಲ್ಲದವನನ್ನ ಹುಡುಕ್ಕೊಂಡು ಅಂಚಿಗೆ ಇಳಿದಿದ್ರು. ಜಾರಿದ್ರೆ? ನೋಡ್ತಾ ನಿಂತಿದ್ಯಲ್ಲೋ, ಮನುಷ್ಯನೇನೋ ನೀನು?" ಮಹೇಶ್ ಬಾಟಲಿಯಿಂದ ಕೈ ಮೇಲೆ ನೀರು ಸುರಿದುಕೊಂಡು, ಮುಖ ಕಿವುಚಿ, ಆಚೆ ತಿರುಗಿ ನಿಂತ.

ಆದರೆ ಉಳಿದವರು ಲಿಖಿತ್‌ನನ್ನು ನೋಡುತ್ತಿರಲಿಲ್ಲ. ಎಲ್ಲರೂ ರಘುವನ್ನು ನೋಡುತ್ತಿದ್ದರು, ಅವನ ಕೆನ್ನೆಯ ಮೇಲಿನ ಒಣಗಿದ ಗೆರೆಯನ್ನು, ಖಾಲಿ ಡಬ್ಬಿಗಳನ್ನು. ಪ್ರಕೃತಿ ಒಂದು ಹೆಜ್ಜೆ ಮುಂದೆ ಬಂದು, ಮಗುವಿನೊಡನೆ ಮಾತಾಡುವಂಥ ದನಿಯಲ್ಲಿ, "ಸಾರಿ ರಘು. ನಾವ್ ಯಾರೂ ನಿನ್ ಬಗ್ಗೆ ಹಂಗೆ ಅನ್ಕೊಳಲ್ಲ, ಗೊತ್ತಾ? ಯು ಆರ್ ಸೋ ಸ್ವೀಟ್" ಎಂದಳು. ಇನ್ನೊಬ್ಬ ಅವನ ಬೆನ್ನು ತಟ್ಟಿದ. ಯಾರೋ ಚಾಕೊಲೇಟ್ ಬಿಚ್ಚಿ ಕೈಗಿಟ್ಟರು.

ರಘು ಆ ಚಾಕೊಲೇಟನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತ. ಅವನ ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿದ್ದವು. "ಕಾಲ್ ಉಳುಕಿದೆ ಅಂತ ಹೇಳಿದ್ನಲ್ಲ" ಎಂದ, ಯಾರಿಗೂ ಅಲ್ಲ ಎನ್ನುವ ಹಾಗೆ. ಯಾರೂ ನಂಬಲಿಲ್ಲ. ಎಲ್ಲರೂ ಮೃದುವಾಗಿ ತಲೆಯಾಡಿಸಿದರು.

ಬ್ಯಾಗು ಎತ್ತಿಕೊಳ್ಳುವಾಗ ಅವನು ಲಿಖಿತ್‌ನ ಹತ್ತಿರ ಬಗ್ಗಿ ಮೆಲ್ಲಗೆ ಅಂದ: "ಅದ್ನೂ ನೀನೇ ಹೇಳ್ಬಿಟ್ಯಲ್ಲೋ, ನನ್ ಪರವಾಗಿ."

ಹಗುರಾಗಿದ್ದ ಎದೆಯೊಳಕ್ಕೆ ಯಾರೋ ಕಲ್ಲುಗಳನ್ನು ಒಂದೊಂದಾಗಿ ಹಾಕಿದಂತಾಯಿತು. ಕಾಪಾಡಿದ್ದು ನನ್ನನ್ನಲ್ಲ. ಉಳುಕಿದ ಕಾಲು ರಘು ತನಗಾಗಿ ಕಟ್ಟಿಕೊಂಡದ್ದು. ಅಷ್ಟು ಜನರ ಎದುರಿಗೆ ತಲೆ ಎತ್ತಿ ಬಸ್ಸು ಹತ್ತುವುದಕ್ಕೆ ಅವನಿಗಿದ್ದ ಒಂದೇ ಆಸರೆ ಅದು. ಅದನ್ನೂ ಕಿತ್ತು ಎಲ್ಲರ ಮುಂದೆ ಬಿಸಾಕಿ ನಾನು ಉಸಿರಾಡಿಕೊಂಡೆ. ಲಿಖಿತ್‌ಗೆ ಇಷ್ಟು ಹೊಳೆಯುವಷ್ಟರಲ್ಲಿ ರಘು ಇಳಿಯತೊಡಗಿದ್ದ. ಈಗ ಕುಂಟುತ್ತಿರಲಿಲ್ಲ. ಕುಂಟಿ ಉಪಯೋಗವೂ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ರಘುವಿಗೆ ಒಳ್ಳೆಯವರಾದರು. ಕಿಟಕಿ ಪಕ್ಕ ಕೂರಿಸಿದರು, ಎಳನೀರು ಕೊಡಿಸಿದರು, ಅವನು ಹೇಳಿದ ಅರ್ಧ ಜೋಕಿಗೆ ಪೂರ್ತಿ ನಕ್ಕರು. ರಘು ಎಲ್ಲದಕ್ಕೂ ಥ್ಯಾಂಕ್ಸ್ ಎಂದ. ಲಿಖಿತ್ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತು ಆ ಒಂದೊಂದು ಥ್ಯಾಂಕ್ಸನ್ನೂ ಕೇಳಿಸಿಕೊಂಡ.

ಕತ್ರಿಗುಪ್ಪೆಯಲ್ಲಿ ಇಳಿದವರು ಇಬ್ಬರೇ. ರಘು ತಿರುಗಿ ನೋಡದೆ ನಡೆಯತೊಡಗಿದ. ಲಿಖಿತ್ ಹತ್ತು ಮಾರು ಹಿಂದೆ ಉಳಿದ. ಮಾತಾಡಿಸಲು ಧೈರ್ಯವಿಲ್ಲ, ಬೇರೆ ದಾರಿ ಹಿಡಿಯಲು ಮನಸ್ಸಿಲ್ಲ. ಭಾನುವಾರ ಸಂಜೆಯ ಜನ, ಸ್ಕೂಟರು, ಹಾರನ್ನು. ರಘು ಮೆಲ್ಲಗೆ ನಡೆಯುತ್ತಿದ್ದ. ಹಿಂದಿಕ್ಕದಿರಲು ಲಿಖಿತ್ ಇನ್ನೂ ಮೆಲ್ಲಗೆ ನಡೆಯಬೇಕಾಯಿತು. ಒಂದು ಬೇಕರಿಯ ಮುಂದೆ ರಘು ನಿಂತ. ಲಿಖಿತ್ ಕೂಡ ನಿಂತು ಪಕ್ಕದ ಅಂಗಡಿಯ ಬಕೆಟ್ಟುಗಳನ್ನು ನೋಡತೊಡಗಿದ.

"ಏನ್ ಬೇಕಪ್ಪಾ? ದೊಡ್ದಾ, ಚಿಕ್ದಾ?" ಎಂದು ಅಂಗಡಿಯವ ಕೇಳಿದ.

"ಏನಿಲ್ಲ ಅಂಕಲ್."

"ಲಿಖಿತ್" ಎಂದ ರಘು. ಮಗಾ ಅಲ್ಲ, ಲೋ ಅಲ್ಲ. "ಮುಂದೆ ಹೋಗು. ಹಿಂದೆ ಬರ್ಬೇಡ. ಯಾರಾದ್ರೂ ಹಿಂದೆ ಬರ್ತಿದ್ರೆ ನಂಗೆ ನಡ್ಯಕ್ಕಾಗಲ್ಲ. ಉಸಿರು ಕೇಳಿಸ್ಕೊತಾರೆ ಅನ್ಸುತ್ತೆ."

"ರಘು, ನಾನು..."

"ಹೋಗು."

ಲಿಖಿತ್ ಅವನನ್ನು ದಾಟಿ ಮುಂದೆ ಹೋದ. ಕ್ರಾಸು ಇನ್ನೂ ದೂರ ಇತ್ತು. ರಸ್ತೆಯಲ್ಲಿ ಅಷ್ಟು ಗದ್ದಲವಿದ್ದರೂ ಬೆನ್ನ ಹಿಂದೆ ಒಂದು ಜೊತೆ ಶೂಗಳ ಸದ್ದನ್ನು ಮಾತ್ರ ಅವನ ಕಿವಿ ಆರಿಸಿಕೊಂಡಿತು. ಬೇಗ ನಡೆದರೆ ಓಡಿಹೋದಂತೆ, ಮೆಲ್ಲಗೆ ನಡೆದರೆ ಕಾದಂತೆ. ಕೈ ಎಲ್ಲಿಡಬೇಕು, ಹೆಜ್ಜೆ ಎಷ್ಟು ದೂರಕ್ಕೆ ಹಾಕಬೇಕು, ಏನೊಂದೂ ತಿಳಿಯಲಿಲ್ಲ. ಇಷ್ಟು ವರ್ಷ ನಡೆದ ಕಾಲು ಬೇರೆ ಯಾರದೋ ಆಗಿತ್ತು. ಹಿಂದಿನಿಂದ ಎಲ್ಲವೂ ಕಾಣುತ್ತಿದೆ ಎಂದು ಗೊತ್ತಿದ್ದೂ, ಅವನು ಮನೆಯವರೆಗೆ ಹಾಗೆಯೇ ನಡೆದ.